ಪ್ರೌಢಶಾಲೆಯ ಕನ್ನಡ ಸಂಘ: ಬೆಂಗಳೂರಿನ ಅಂಚಿನಲ್ಲಿ ಅದು ನಡೆದುಬಂದ ದಾರಿ

ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಪಠ್ಯಪುಸ್ತಕ, ಪರೀಕ್ಷೆ, ಬೋಧನಾ ಮಾಧ್ಯಮ, ಅನುದಾನ ಮೊದಲಾದ ವಿಷಯಗಳನ್ನು ಕುರಿತು ವಿಸ್ತಾರವಾಗಿಯೇ ಬರೆದಿದ್ದಾರೆ. ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಕಾಣಿಸಿಕೊಂಡು, ಅಂಕಪಟ್ಟಿಯಲ್ಲಿ ಮಾತ್ರ ಎಂದೂ ಕಾಣಿಸಿಕೊಳ್ಳದ ಒಂದು ಗಂಟೆಯನ್ನು ಕುರಿತು ಬರೆದವರು ವಿರಳ. ಅದು ಸಂಘದ ಗಂಟೆ. ಸಾಹಿತ್ಯ ಸಂಘ, ಕನ್ನಡ ಸಂಘ, ಸಾಂಸ್ಕೃತಿಕ ಸಂಘ ಎಂದು ಅದಕ್ಕೆ ಹಲವು ಹೆಸರುಗಳು. ಒಬ್ಬ ಉಪಾಧ್ಯಾಯರು ಅಧ್ಯಕ್ಷರು, ಹತ್ತನೆಯ ತರಗತಿಯ ಹುಡುಗನೊಬ್ಬ ಕಾರ್ಯದರ್ಶಿ. ಒಂದು ಆಶುಭಾಷಣ, ಒಂದು ಚರ್ಚಾಕೂಟ, ಗೋಡೆಗೆ ಅಂಟಿಸಿದ ಕೈಬರಹದ ಪತ್ರಿಕೆ. ವರ್ಷದ ಕೊನೆಗೆ ಒಂದು ನಾಟಕ, ಒಂದು ಕೋಲಾಟ. ನೋಡುವುದಕ್ಕೆ ಇಷ್ಟೇ. ಆದರೆ ಈ ಗಂಟೆಗೂ ಒಂದು ಇತಿಹಾಸವುಂಟು. ಬೆಂಗಳೂರಿನ ಹೊರಸುತ್ತಿನಲ್ಲಿ, ಅಂದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳೆಂದು ಈಗ ಕರೆಸಿಕೊಳ್ಳುವ ಪ್ರದೇಶಗಳಲ್ಲಿ, ಆ ಇತಿಹಾಸವು ಒಂದು ಸಂದಿಗ್ಧ ಘಟ್ಟವನ್ನು ಮುಟ್ಟಿದೆ. ಆದುದರಿಂದ ಅದನ್ನು ಕ್ರಮವಾಗಿ ನೋಡುವುದು ಅವಶ್ಯ.

ಸಂಘ ಎಂಬ ಶಬ್ದವು ನಮಗೆ ಬೌದ್ಧ ಜೈನ ಕಾಲದಿಂದಲೂ ಪರಿಚಿತ. ಅನುಭವ ಮಂಟಪದ ಗೋಷ್ಠಿಯನ್ನು ನೆನೆಯುವ ನಮ್ಮ ಸಮಾಜಕ್ಕೆ ಕೂಡಿ ಕುಳಿತು ಮಾತನಾಡುವುದೇ ಸಾಧನೆಯ ಒಂದು ಅಂಗವೆಂಬುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಶಾಲೆಯ ಸಂಘವು ಪ್ರಾಚೀನ ಸಂಸ್ಥೆಯಲ್ಲ. ಅದು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕನ್ನಡವು ತನ್ನ ನೆಲದಲ್ಲಿಯೇ ಬದಿಗೆ ಸರಿದಿದ್ದ ಕಾಲದಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಜೀವ ಸವೆಸಿದರು. ಅವರ ತರುವಾಯ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಹಳೆಯ ಮೈಸೂರಿನಲ್ಲಿ ಪ್ರಾಬಲ್ಯವಿದ್ದುದು ಇಂಗ್ಲಿಷಿಗೆ. ಅಲ್ಲಿನ ಹೈಸ್ಕೂಲುಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಚರ್ಚಾಕೂಟವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡವಾಡುವ ಹುಡುಗನು ಸಭೆಯಲ್ಲಿ ಕನ್ನಡದಲ್ಲಿ ನಿಂತು ಮಾತನಾಡುವ ಅವಕಾಶವೇ ಇರಲಿಲ್ಲ.

1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾದುದು ಹಿರಿಯರಿಗೆ ನೆರಳಾಯಿತು. ಕಿರಿಯರಿಗೆ ನೆರಳಾದದ್ದು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ. ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಸಂಘವನ್ನು ಬೆಳೆಸಿದರು. 1919ರಲ್ಲಿ ಅದರ ವತಿಯಿಂದ 'ಪ್ರಬುದ್ಧ ಕರ್ನಾಟಕ' ಹೊರಬಂದಿತು. ಅದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಮಹತ್ತರ ಕಾರ್ಯವೆಸಗಿದುದನ್ನು ವಾಚಕರು ಬಲ್ಲರು. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೆ. ಈ ಸಂಘದಲ್ಲಿ ಮಾತು ಕಲಿತ ಪದವೀಧರರಲ್ಲಿ ಅನೇಕರು ಹೈಸ್ಕೂಲುಗಳ ಉಪಾಧ್ಯಾಯರಾದರು. ಹೋದೆಡೆಗೆ ಸಂಘವೆಂಬ ಸಸಿಯನ್ನೂ ಕೊಂಡೊಯ್ದರು. ಕಾಲೇಜಿನದು ಹೈಸ್ಕೂಲಿಗೆ ಇಳಿದು ಬಂದ ಬಗೆ ಇದು. ಸರ್ಕಾರದ ಸುತ್ತೋಲೆಯಿಂದ ಹುಟ್ಟಿದ್ದಲ್ಲವೆಂಬುದನ್ನು ಗಮನಿಸಬೇಕು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸುವುದಕ್ಕೆ ಮುನ್ನ ಓದುತ್ತಿದ್ದುದು ಇದೇ ಸೆಂಟ್ರಲ್ ಕಾಲೇಜಿನಲ್ಲಿ ಎಂಬುದು ನಮ್ಮ ವಾಚಕರಿಗೆ ಆನಂದದ ಸಂಗತಿ.

ನೃತ್ಯದ ಕಥೆ ಇಷ್ಟು ಸರಳವಲ್ಲ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಒಂದು ಸಾಮಾಜಿಕ ಅನಿಷ್ಟವನ್ನು ಕೀಳಹೊರಟ ಆ ಕ್ರಮದ ಸದುದ್ದೇಶ ಪ್ರಶ್ನಾತೀತ. ಆದರೆ ಅದರೊಡನೆ ಕಾಲಿಗೆ ಗೆಜ್ಜೆ ಕಟ್ಟುವುದೇ ಮರ್ಯಾದಸ್ಥರಿಗೆ ಸಲ್ಲದೆಂಬ ಭಾವನೆಯೂ ಬಲಿಯಿತು. ಶಾಲೆಯಲ್ಲಿ ಹಾಡಬಹುದು, ಪದ್ಯ ಹೇಳಬಹುದು, ಕುಣಿಯಲಾಗದು! ಈ ಮಡಿವಂತಿಕೆಯನ್ನು ಒಡೆದವರಲ್ಲಿ ಇಬ್ಬರ ಹೆಸರನ್ನಾದರೂ ಹೇಳಬೇಕು. ಪುತ್ತೂರಿನಲ್ಲಿ ಶಿವರಾಮ ಕಾರಂತರು ನಾಡಹಬ್ಬದ ನೆಪದಲ್ಲಿ, ಮುಂದೆ ತಮ್ಮ ಬಾಲವನದಲ್ಲಿ, ಮಕ್ಕಳಿಂದ ನಾಟಕವನ್ನೂ ನೃತ್ಯವನ್ನೂ ಆಡಿಸಿದರು. ಬೆಂಗಳೂರಿನಲ್ಲಿ ಯು. ಎಸ್. ಕೃಷ್ಣರಾಯರು ಪತ್ನಿ ಚಂದ್ರಭಾಗಾದೇವಿಯವರೊಡನೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಅಭ್ಯಾಸ ಮಾಡಿ, 1940ರ ದಶಕದಿಂದ ಗೃಹಸ್ಥರ ಮನೆಯ ಮಕ್ಕಳಿಗೆ ಅದನ್ನು ಕಲಿಸಿದರು. ಈ ಕೃಷ್ಣರಾಯರು ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಕನ್ನಡ ಸಂಘ ಬೆಳೆದ ಆವರಣದಲ್ಲಿಯೇ ನೃತ್ಯಕ್ಕೂ ಒಬ್ಬ ಪ್ರಾಧ್ಯಾಪಕರು ಮರ್ಯಾದೆಯನ್ನು ಗಳಿಸಿಕೊಟ್ಟುದು ಕಾಕತಾಳೀಯವಿದ್ದೀತು; ಆದರೂ ಸ್ವಾರಸ್ಯಕರ.

ಇಷ್ಟೂ ಪೇಟೆಯ ಮಾತು. ಅದೇ ಕಾಲದಲ್ಲಿ ಬೆಂಗಳೂರಿನ ಹೊರಸುತ್ತು ಹೇಗಿದ್ದಿತು? ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದು 'ಬೆಂಗಳೂರು ಕಾಳಗ'ವನ್ನು ಹೆಸರಿಸುತ್ತದೆ. ಅಂದರೆ ನಗರದ ಹೆಸರು ಮೊದಲು ಅಕ್ಷರಕ್ಕೆ ಇಳಿದುಬಂದ ತಾಣಗಳಲ್ಲೊಂದು ಇಂದು ನಾವು ಹೊರವಲಯವೆನ್ನುವ ಈ ನೆಲವೇ. ಕನ್ನಡಕ್ಕೆ ಇಲ್ಲಿ ಹೊಸದಾಗಿ ಬೇರೂರಬೇಕಾದ ಅಗತ್ಯವಿರಲಿಲ್ಲ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಿನ ಹಳ್ಳಿಗಳಿಂದ ಎತ್ತುಗಳು ಎಳೆದು ತರುತ್ತಿದ್ದ ಎತ್ತರದ ತೇರುಗಳು, ಸೋಮನ ಕುಣಿತ, ಪೂಜಾ ಕುಣಿತ, ಕೋಲಾಟ, ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಳ್ಳಿಯಲ್ಲಿ ನಿಂತು ಕಲಿಸುತ್ತಿದ್ದ ಕುರುಕ್ಷೇತ್ರ ನಾಟಕ, ಇವೆಲ್ಲ ಶಾಲೆಯ ಹಂಗಿಲ್ಲದೆ ನಡೆಯುತ್ತಿದ್ದವು. ಅಕ್ಷರ ಬಾರದ ರೈತನು ದುರ್ಯೋಧನನ ಕಂದಪದ್ಯಗಳನ್ನು ರಾತ್ರಿಯಿಡೀ ತಪ್ಪಿಲ್ಲದೆ ಹಾಡಬಲ್ಲವನಾಗಿದ್ದನು. ವೈಟ್‌ಫೀಲ್ಡಿನಲ್ಲಿ ಮಾತ್ರ 1882ರಿಂದ ಡಿ. ಎಸ್. ವೈಟ್ ಎಂಬವರ ಪ್ರಯತ್ನದ ಫಲವಾಗಿ ಆಂಗ್ಲೋ-ಇಂಡಿಯನ್ನರ ಪುಟ್ಟ ವಸಾಹತು ಇದ್ದಿತು. ಸುತ್ತಲೂ ರಾಗಿ ಹೊಲಗಳು.

ಬದಲಾವಣೆ ಕಾರ್ಖಾನೆಗಳ ರೂಪದಲ್ಲಿ ಬಂದಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ದೂರವಾಣಿ ಕಾರ್ಖಾನೆಯು ವೈಟ್‌ಫೀಲ್ಡಿಗೆ ಹೋಗುವ ದಿಕ್ಕಿನಲ್ಲಿ; ಕೊನೆಯ ಎರಡು ಜಾಲಹಳ್ಳಿಯಲ್ಲಿ, ಅಂದರೆ ಇಂದಿನ ಪೀಣ್ಯಕ್ಕೆ ಹೊಂದಿಕೊಂಡು. ದಕ್ಷಿಣದ ಎಲ್ಲ ರಾಜ್ಯಗಳಿಂದಲೂ, ಉತ್ತರದಿಂದಲೂ ಬಂದ ನೌಕರರು ಒಂದೇ ವಸತಿ ಬಡಾವಣೆಯಲ್ಲಿ ನೆಲೆಸಿದರು. ಅವರ ಮಕ್ಕಳು ಬಡಾವಣೆಯ ಶಾಲೆಗಳಿಗೆ ಬಂದರು. ಪ್ರೌಢಶಾಲೆಯ ಕನ್ನಡ ಸಂಘಕ್ಕೆ ಒಂದು ಹೊಸ ಹೊಣೆ ಬಿದ್ದುದು ಇಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಅದು ಕನ್ನಡಿಗರ ಸಂಕೋಚವನ್ನು ಕಳೆಯುವ ಸ್ಥಾನವಾಗಿದ್ದರೆ, ಕಾರ್ಖಾನೆಯ ಬಡಾವಣೆಯಲ್ಲಿ ಕನ್ನಡಿಗರಲ್ಲದವರ ಮಕ್ಕಳು ಕನ್ನಡಕ್ಕೆ ಬರುವ ಬಾಗಿಲಾಯಿತು. ತರಗತಿಯಲ್ಲಿ ಅವರವರು ಆರಿಸಿಕೊಂಡ ಭಾಷೆಯ ಪಾಠ. ವಾರ್ಷಿಕೋತ್ಸವದ ನಾಟಕದಲ್ಲಿ ಮಾತ್ರ ಎಲ್ಲರೂ ಬೇಕು. ಕೈಲಾಸಂ ಅವರ ಪ್ರಹಸನದಲ್ಲಿ ಒಂದು ಪಾತ್ರ ಸಿಕ್ಕಿದ ಹುಡುಗನು ವ್ಯಾಕರಣದಿಂದ ಬಾರದ ಕನ್ನಡವನ್ನು ಆರು ವಾರಗಳ ಅಭ್ಯಾಸದಿಂದ ಕಲಿಯುತ್ತಿದ್ದನು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಆಡದ ಶಾಲೆ ನಾಡಿನಲ್ಲಿ ಅಪರೂಪ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯ ಮಕ್ಕಳಿಗೆ ಅದು ತಮ್ಮೂರಿನದೇ ಕಥೆಯೆಂದು ತೋರಿದ್ದರೆ ಸೋಜಿಗವಿಲ್ಲ.

ಕಾರ್ಖಾನೆಯೊಳಗೂ ನೌಕರರ ಕನ್ನಡ ಸಂಘಗಳು ತಲೆಯೆತ್ತಿದವು. 1960ರ ದಶಕದಲ್ಲಿ ಅ.ನ.ಕೃ. ಮತ್ತು ಮ. ರಾಮಮೂರ್ತಿಯವರ ಕನ್ನಡ ಚಳವಳಿಯು ಬೆಂಗಳೂರಿನ ಬೀದಿಗಳಲ್ಲಿ ಎಬ್ಬಿಸಿದ ಉತ್ಸಾಹವು ಈ ಸಂಘಗಳಿಗೆ ಬಲ ಕೊಟ್ಟಿತು. ನವೆಂಬರಿನ ರಾಜ್ಯೋತ್ಸವವೆಂದರೆ ಕಾರ್ಖಾನೆ ಮತ್ತು ಶಾಲೆ ಎರಡೂ ಕೂಡಿ ಮಾಡುವ ಹಬ್ಬವಾಗಿದ್ದಿತು. ತಂದೆ ವೇದಿಕೆಯ ಮುಂದೆ, ಮಗಳು ವೇದಿಕೆಯ ಮೇಲೆ.

1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ದಶಕದ ಕೊನೆಗೆ, ಆರ್. ಕೆ. ಬಾಳಿಗರ ಕನಸಿನಂತೆ, ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ತೊಡಗಿಸಿತು. ಹಿಂದಿನ ಸಾರ್ವಜನಿಕ ಕಾರ್ಖಾನೆಗಳಿಗೂ ಇವುಗಳಿಗೂ ಒಂದು ಅಂತರವಿದೆ. ಎಚ್.ಎಂ.ಟಿ. ಅಥವಾ ಬಿ.ಇ.ಎಲ್. ನೌಕರನಿಗೆ ಮನೆ, ಶಾಲೆ, ಆಟದ ಬಯಲು, ಸಭಾಭವನ ಎಲ್ಲವನ್ನೂ ಒದಗಿಸುತ್ತಿದ್ದವು. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು ಕೆಲಸವನ್ನು ಕೊಟ್ಟವು, ಶಾಲೆಯನ್ನು ಕಟ್ಟಲಿಲ್ಲ. ಸಭಾಭವನವಿಲ್ಲದೆಡೆ ಸಂಘ ಎಲ್ಲಿ ಸೇರಬೇಕು? ನಮ್ಮ ದೃಷ್ಟಿಯಲ್ಲಿ ಶಾಲಾ ಸಂಘಗಳ ಅವನತಿಗೆ ಇಂಗ್ಲಿಷಿನ ವ್ಯಾಮೋಹಕ್ಕಿಂತ ಈ ಕಾರಣವೇ ಮೊದಲನೆಯದು. ಜನ ಇದನ್ನು ಹೇಳುವುದು ಕಡಮೆ.

ಹೀಗಿರಲು ಗೋಕಾಕ್ ಚಳವಳಿ ಬಂದಿತು. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯ ಸ್ಥಾನ ಯಾವುದಕ್ಕೆ ಎಂಬ ಪ್ರಶ್ನೆಯನ್ನು ವಿಚಾರಿಸಲು 1980ರಲ್ಲಿ ನೇಮಕವಾದ ವಿ. ಕೃ. ಗೋಕಾಕರ ಸಮಿತಿಯು 1981ರಲ್ಲಿ ವರದಿಯನ್ನೊಪ್ಪಿಸಿತು. ಅದರ ಜಾರಿಗಾಗಿ 1982ರಲ್ಲಿ ಸಾಹಿತಿಗಳು, ವಿದ್ಯಾರ್ಥಿಗಳು, ಕಾರ್ಮಿಕರು, ನಟ ರಾಜಕುಮಾರ್ ಅವರು ಬೀದಿಗಿಳಿದುದು, ಗದಗಿನ ತೋಂಟದಾರ್ಯ ಮಠದ ಶ್ರೀ ಸಿದ್ಧಲಿಂಗ ಸ್ವಾಮಿಗಳವರು ಬೆಂಬಲವಾಗಿ ನಿಂತುದು ಎಲ್ಲರಿಗೂ ತಿಳಿದಿದೆ. ಆ ಚಳವಳಿಯು ಕನ್ನಡಿಗರಿಗೆ ತಂದುಕೊಟ್ಟ ಆತ್ಮವಿಶ್ವಾಸ ಅಲ್ಪವಲ್ಲ. ನಾಲ್ಕು ವರ್ಷಗಳ ತರುವಾಯ, 1986ರಲ್ಲಿ, ಸರೋಜಿನಿ ಮಹಿಷಿಯವರ ವರದಿಯು ಉದ್ಯೋಗದ ಪ್ರಶ್ನೆಯನ್ನು ಎತ್ತಿತು. ಆದರೆ ಈ ಎರಡು ದೊಡ್ಡ ಚರ್ಚೆಗಳಿಂದ ಶಾಲೆಯ ಕನ್ನಡವೆಂದರೆ ಅಂಕ, ಕನ್ನಡಿಗನೆಂದರೆ ಹುದ್ದೆ ಎಂಬ ಭಾವನೆ ಗಟ್ಟಿಯಾಯಿತು. ಪ್ರಥಮ ಭಾಷೆಗೆ 125 ಅಂಕಗಳೆಂಬುದು ಇಂದು ಪ್ರತಿಯೊಬ್ಬ ತಾಯಿತಂದೆಗೂ ಗೊತ್ತು. ಅಂಕವಿಲ್ಲದ ಸಂಘದ ಗಂಟೆಯನ್ನು ಮೊದಲು ಗಣಿತದ ವಿಶೇಷ ತರಗತಿ ನುಂಗಿತು, ಆಮೇಲೆ ವಿಜ್ಞಾನದ್ದು. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ.

ಮುಂದಿನ ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಿದರೆ ಸಾಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂಬ 1994ರ ಸರ್ಕಾರದ ಆದೇಶವನ್ನು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಒಪ್ಪಲಿಲ್ಲ. ತರುವಾಯ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಯಾವ ಮಂಡಳಿಯ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸತಕ್ಕದ್ದೆಂದು ವಿಧಿಸಿತು. ವೈಟ್‌ಫೀಲ್ಡಿನ ಸುತ್ತ 1990ರ ದಶಕದ ತರುವಾಯ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳೊಡನೆ ಎದ್ದುನಿಂತ ಶಾಲೆಗಳಿಗೂ ಈ ಕಾನೂನು ಅನ್ವಯಿಸುತ್ತದೆ. ಅದು ಅವಶ್ಯಕವಾದ ಕಾನೂನೇ ಸರಿ. ಆದರೆ ಕಾನೂನು ಪಾಠದ ಗಂಟೆಯನ್ನು ಕೊಡಬಲ್ಲುದು. ಒಲವಿನ ಗಂಟೆಯನ್ನು ಕೊಡಲಾರದು. ಆ ಶಾಲೆಗಳಲ್ಲಿಯೂ ಈಗ ಭಾಷೆಗೊಂದು, ಕಲೆಗೊಂದು, ನೃತ್ಯಕ್ಕೊಂದು ಕ್ಲಬ್ಬು ಉಂಟು. ಫ್ರೆಂಚ್ ಕ್ಲಬ್ಬಿನಲ್ಲಿ ಹಾಡು, ತಿನಿಸು, ಆಟ ಎಲ್ಲ ಇದ್ದು, ಕನ್ನಡಕ್ಕೆ ಮಾತ್ರ ಕಾಪಿ ಪುಸ್ತಕ ಉಳಿಯುವುದಾದರೆ ಮಗುವಿನ ಮನಸ್ಸು ಎತ್ತ ಒಲಿದೀತು?

ಸರ್ಕಾರಿ ಶಾಲೆಗಳಲ್ಲಿ ಈ ಶತಮಾನದ ಮೊದಲ ವರ್ಷಗಳಿಂದ 'ಪ್ರತಿಭಾ ಕಾರಂಜಿ' ನಡೆಯುತ್ತಿದೆ. ಹಳ್ಳಿಯ ಮಕ್ಕಳಿಗೆ ವೇದಿಕೆ ದೊರಕಿಸಿದ ಕಾರ್ಯಕ್ರಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂಘಕ್ಕೂ ಸ್ಪರ್ಧೆಗೂ ಭೇದವಿದೆ. ಸ್ಪರ್ಧೆಗೆ ಚೆನ್ನಾಗಿ ಬಲ್ಲ ಆರು ಜನ ಸಾಕು. ಸಂಘಕ್ಕೆ ಬಾರದ ಅರುವತ್ತು ಜನ ಬೇಕು.

ಈಗ ನಮ್ಮ ಸಮಾಜಕ್ಕೆ ಹತ್ತಿರವಾದ ವಿಷಯಕ್ಕೆ ಬರೋಣ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ನಿರ್ಮಿಸಿದರು. ಅಲ್ಲಿಂದೀಚೆಗೆ ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಜನಪದ ನೃತ್ಯಕ್ಕೆ ಗೌರವದ ಸ್ಥಾನ ದೊರೆಯಿತು. ಇವುಗಳಲ್ಲಿ ಕೋಲಾಟದಂಥವು ಊರಿನವೆಲ್ಲರ ಆಟ. ಅವು ಎಲ್ಲಿಯೂ ಸಲ್ಲುವುವು. ಆದರೆ ಕಂಸಾಳೆ, ಡೊಳ್ಳು, ವೀರಗಾಸೆಗಳು ಹಾಗಲ್ಲ. ಕಂಸಾಳೆಯವರು ಮಾದಪ್ಪನ ದೀಕ್ಷೆ ಹೊತ್ತ ದೇವರಗುಡ್ಡರು. ಡೊಳ್ಳು ಬೀರೇಶ್ವರನದು. ವೀರಗಾಸೆಯು ವೀರಭದ್ರನ ಒಕ್ಕಲಿನ ವ್ರತ. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎದೆಯ ಮೇಲೆ ವೀರಭದ್ರನ ಫಲಕ, ಕೈಯಲ್ಲಿ ಖಡ್ಗ; ಹಿಂದೆ ಕರಡೆ, ಚಮಾಳ, ಮೌರಿ. ಶ್ರಾವಣ ಕಾರ್ತಿಕಗಳಲ್ಲಿ ಅದರ ಸೇವೆ. ಅದರ ಜೀವವಿರುವುದು ಕುಣಿತದಲ್ಲಿ ಅಲ್ಲ, ಒಡಪಿನಲ್ಲಿ. ವಾದ್ಯ ನಿಂತು, ಕುಣಿಯುವವನು ನಿಂತು, ದಕ್ಷಯಜ್ಞದ ಕಥೆಯನ್ನು ಏರುದನಿಯ ಗದ್ಯದಲ್ಲಿ ಹೇಳುವಾಗ ಸಭೆಯ ಮೈ ನವಿರೇಳುತ್ತದೆ. ಭಾಷೆಯನ್ನೂ ನೃತ್ಯವನ್ನೂ ಒಂದೇ ಉಸಿರಿನಲ್ಲಿ ಕಲಿಸುವ ಇಂಥ ಕಲೆ ಶಾಲಾ ಸಂಘಕ್ಕಾಗಿಯೇ ಹುಟ್ಟಿತೋ ಎಂಬಂತಿದೆ.

ಆದರೆ ವೇದಿಕೆಯ ಮೇಲೆ ಆದದ್ದೇನು? ಐದು ನಿಮಿಷದ ಮಿತಿ ಬಂದಿತು. ಮೊದಲು ಕ್ಯಾಸೆಟ್ಟು, ಈಗ ಮೊಬೈಲು, ಚಮಾಳದವನ ಸ್ಥಾನವನ್ನು ಆಕ್ರಮಿಸಿತು. ಒಡಪು ಬಿಟ್ಟುಹೋಯಿತು, ಕುಣಿತ ಮತ್ತು ವೇಷ ಉಳಿದವು. ವೀರಗಾಸೆಯು ಮೂಕವಾಯಿತು. ನಮ್ಮ ಸಮಾಜದ ಕೆಲವು ಹಿರಿಯರು ಇದನ್ನು ಕಂಡು, ವ್ರತವಿಲ್ಲದವರು ಗೆಜ್ಜೆ ಕಟ್ಟುವುದೇ ತಪ್ಪು, ಹೆಣ್ಣುಮಕ್ಕಳಂತೂ ಕಟ್ಟಲೇಬಾರದು ಎನ್ನುತ್ತಾರೆ. ಅವರ ನೋವನ್ನು ನಾವು ಬಲ್ಲೆವು. ಅವರ ತೀರ್ಮಾನವನ್ನು ಒಪ್ಪಲಾರೆವು. ಸ್ತ್ರೀಪುರುಷ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಸಂತತಿ ಈ ಮಾತನ್ನಾಡುವುದು ಯುಕ್ತವಲ್ಲ. ಮಹಿಳೆಯರ ವೀರಗಾಸೆ ತಂಡಗಳು ಇಂದು ನಾಡಿನಲ್ಲಿ ಖ್ಯಾತವಾಗಿವೆ. ಶಾಲೆಯ ಸಂಘವು ವ್ರತವನ್ನು ಕೊಡಲಾರದು ನಿಜ; ಒಡಪನ್ನು ಕೊಡಬಲ್ಲುದು. ಅದನ್ನು ಕೈಬಿಟ್ಟುದು ದೋಷ, ಹುಡುಗಿ ಕುಣಿದುದಲ್ಲ.

ಕೆಲವು ವರ್ಷಗಳ ಹಿಂದೆ ಪೀಣ್ಯದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಹೋಗಿದ್ದೆವು. ಅಲ್ಲಿನ ಮಕ್ಕಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿದ್ದರು. ಆಂಧ್ರ, ಬಿಹಾರ, ಒಡಿಶಾಗಳಿಂದ ಕಾರ್ಖಾನೆಗೆ ಬಂದವರ ಮಕ್ಕಳೂ ಇದ್ದರು. ಊರಿನ ಹಳೆಯ ಒಕ್ಕಲುಗಳ ಮಕ್ಕಳು ಬಹಳ ಮಂದಿ ಇಂಗ್ಲಿಷ್ ಮಾಧ್ಯಮದ ಶಾಲೆಗಳ ವ್ಯಾನುಗಳಲ್ಲಿ ಬೆಳಗ್ಗೆಯೇ ಹೊರಟುಹೋಗಿದ್ದರು. ವೀರಗಾಸೆ ಕಟ್ಟಿದ್ದ ಒಂಬತ್ತನೆಯ ತರಗತಿಯ ಹುಡುಗಿ ವಾದ್ಯ ನಿಂತಾಗ ಒಡಪು ಹೇಳಿದಳು. ಉಚ್ಚಾರಣೆಯಲ್ಲಿ ಒಂದೆರಡು ಕಡೆ ಹೊರನಾಡಿನ ಛಾಯೆಯಿದ್ದಿತು, ಧ್ವನಿಯಲ್ಲಿ ಅಂಜಿಕೆಯಿರಲಿಲ್ಲ. ವಿಚಾರಿಸಿದಾಗ ಅವಳ ಮನೆಮಾತು ಹಿಂದಿಯೆಂದೂ, ಬಂದ ಮೊದಲ ವರ್ಷ ಕನ್ನಡ ಅಕ್ಷರ ಪೂರ್ತಿ ಕೈಹತ್ತದಿದ್ದುದರಿಂದ ಒಡಪನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳೆಂದೂ ಕನ್ನಡದ ಮೇಡಂ ತಿಳಿಸಿದರು. "ಈಗ ನಾನೇ ಕನ್ನಡದಲ್ಲಿ ಬರೀತೀನಿ ಬುದ್ಧಿ" ಎಂದು ಆ ಮಗು ನಡುವೆ ಬಾಯಿ ಹಾಕಿತು. ಕಲಿಸಿದವರು ಯಾರೆಂದು ಕೇಳಿದೆವು. ತುಮಕೂರು ಕಡೆಯ ಒಬ್ಬ ಪುರವಂತರು. ಮಗ ಪೀಣ್ಯದಲ್ಲಿ ಯಂತ್ರದ ಕೆಲಸಗಾರ, ಅವನ ಮನೆಗೆ ಬಂದಿದ್ದವರನ್ನು ಈ ಮೇಡಂ ಪತ್ತೆ ಹಚ್ಚಿ ಕರೆತಂದಿದ್ದರು. ಮೇಡಂ ವರ್ಗವಾಗಿ ಹೋದರೆ ಮುಂದೇನು ಎಂಬುದಕ್ಕೆ ಮುಖ್ಯೋಪಾಧ್ಯಾಯರಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆಯ ಮರ್ಮ ಇರುವುದು ಇಲ್ಲಿ. ಸಂಗೀತ ಅಥವಾ ನೃತ್ಯ ಶಿಕ್ಷಕರ ಹುದ್ದೆಯುಳ್ಳ ಸರ್ಕಾರಿ ಪ್ರೌಢಶಾಲೆಗಳು ವಿರಳ. ಸಂಘವು ಒಬ್ಬ ಉಪಾಧ್ಯಾಯರ ಆಸಕ್ತಿಯಿಂದ ಹುಟ್ಟಿ ಅವರ ವರ್ಗಾವಣೆಯೊಡನೆ ಮುಗಿಯುತ್ತದೆ. ಮಠಗಳು ಈ ವಿಷಯದಲ್ಲಿ ಸುಮ್ಮನಿರಲಾಗದು. ಕಲೆ ಮಠಕ್ಕೆ ಹೊರಗಿನದೆಂಬ ವಾದ ನಿಲ್ಲದು. ಸಿದ್ಧಗಂಗೆಯ ಶಿಕ್ಷಕರೇ ಬಸವೇಶ್ವರ ನಾಟಕವನ್ನು ಊರೂರಿಗೆ ಕೊಂಡೊಯ್ದು ಆಡಿದರು; ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಸ್ವಾಮಿಗಳವರ 'ಶಿವಸಂಚಾರ'ವು 1997ರಿಂದ ನಾಡನ್ನೆಲ್ಲ ಸುತ್ತಿದೆ. ಆದರೆ ಬೆಂಗಳೂರಿನ ಸುತ್ತ ನಮ್ಮ ಸಮಾಜದ ಸಂಸ್ಥೆಗಳು ಹೊಸದಾಗಿ ತೆರೆಯುತ್ತಿರುವುದು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೇ. ಕಾಲದ ಒತ್ತಡವನ್ನು ನಾವು ಅಲ್ಲಗಳೆಯುವುದಿಲ್ಲ. ಆ ಶಾಲೆಗಳಲ್ಲಿ ಸಂಘದ ಗಂಟೆ ಉಳಿದಿದೆಯೇ, ಅಲ್ಲಿ ವಚನವನ್ನು ಬಹುಮಾನಕ್ಕಾಗಿ ಅಲ್ಲದೆ ಕೂಡಿ ಹಾಡುವ ಸಂತೋಷಕ್ಕಾಗಿ ಹಾಡುತ್ತಾರೆಯೇ ಎಂದು ಆಡಳಿತ ಮಂಡಳಿಗಳವರು ಒಮ್ಮೆ ಹೋಗಿ ನೋಡಬೇಕು.

ತುಮಕೂರು ಸೀಮೆಯಲ್ಲಿ ಒಡಪು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಹಲವರ ಮಕ್ಕಳು ಪೀಣ್ಯ, ದಾಸರಹಳ್ಳಿ, ನೆಲಮಂಗಲದ ಕಡೆ ದುಡಿಯುತ್ತಿದ್ದಾರೆ. ಜೂನ್ ತಿಂಗಳಿಂದ ಕಾರ್ತಿಕದವರೆಗೆ ವಾರಕ್ಕೊಂದು ದಿನ ಒಬ್ಬ ಪುರವಂತರನ್ನು, ಒಬ್ಬ ಚಮಾಳದವರನ್ನು ಒಂದು ಸರ್ಕಾರಿ ಪ್ರೌಢಶಾಲೆಗೆ ಕಳುಹಿಸುವುದಕ್ಕೆ ಬೇಕಾದದ್ದು ಇಬ್ಬರ ಬಸ್ಸಿನ ಚಾರ್ಜು, ಅವರ ಒಂದು ದಿನದ ಕೂಲಿ, ಮಧ್ಯಾಹ್ನದ ಪ್ರಸಾದ. ತುಮಕೂರು ರಸ್ತೆಯಗುಂಟ ಇರುವ ನಮ್ಮ ಶಾಖಾಮಠಗಳು ಒಂದೊಂದು ಶಾಲೆಯ ಹೊಣೆಯನ್ನು ಹೊತ್ತರೆ ಈ ಶ್ರಾವಣಕ್ಕೇ ಆರಂಭಿಸಬಹುದು. ಶಾಲೆಯವರ ಒಪ್ಪಿಗೆ ಪತ್ರ, ಒಂದು ಕೊಠಡಿ, ಶನಿವಾರದ ಒಂದು ಗಂಟೆ. ಇಷ್ಟನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳುವ ಕೆಲಸವನ್ನು ಆಯಾ ಊರಿನ ಭಕ್ತರು ಮಾಡಬೇಕು.